ಮಾಯನ್ನರ ಪಿರಮಿಡ್ಡೂ ನನ್ನ ಮೊಣಕಾಲೂ

ಹಾಸನದ ಕಡೆಯ ಒಂದು ಮದುವೆಯಲ್ಲಿ, ಬೀಗರ ಕಡೆಯಿಂದ ಹೇಳಿದ್ದರ ಮೂರು ಪಟ್ಟು ಜನ ಬಂದಿಳಿದಾಗ, ಒಂದೇ ಹಂಡೆ ಸಾರನ್ನು ಕೊನೇ ಪಂಕ್ತಿವರೆಗೂ ತಂದು, ಮಿಕ್ಕಿದ್ದನ್ನು ವಾಲಗದವರಿಗೂ ಬಡಿಸಿದವನು ನಾನು. ಸಾರು ತೆಳ್ಳಗೂ ಆಗಲಿಲ್ಲ. ಅವತ್ತು ಉಂಡವರು ಯಾರೂ ಈಗ ಉಳಿದಿಲ್ಲ. ಸಾರಿನಿಂದಲ್ಲ, ವಯಸ್ಸಾಗಿ.

ಇಂಥವು ನನ್ನ ಬೆನ್ನು ಬಿಡುವುದಿಲ್ಲ. ನಾನು ಶಾಲೆಯ ಮೆಟ್ಟಿಲು ತುಳಿದವನಲ್ಲ, ಅಕ್ಷರ ಕಲಿತದ್ದೇ ಬಸ್ಸಿನ ಬೋರ್ಡು ನೋಡಿ. ಸೌಟು ಕೆಳಗಿಟ್ಟು ಮಗ ಸೊಸೆಯ ಜೊತೆ ಈ ಡಬ್ಲಿನ್ನಿಗೆ ಬಂದ ಮೇಲಾದರೂ ತೆಪ್ಪಗಿರೋಣ ಅಂದರೆ, ಈ ಸಲ ಮಾಯನ್ನರ ಪಿರಮಿಡ್ಡೇ ಗಂಟುಬಿತ್ತು.

ಪಣ

ಸಂಜೆ ನಮ್ಮ ಪಾರ್ಕಿನ ಬೆಂಚಿನಲ್ಲಿ ಕೂರುವವರು ಮೂರ್ನಾಲ್ಕು ಜನ. ಅವರಲ್ಲಿ ಮೈಸೂರಿನ ಒಬ್ಬರು ರಿಟೈರಾದ ಡಾಕ್ಟ್ರು. ಹುಬ್ಬಳ್ಳಿ ಕಡೆಯ ಅಮ್ಮ ಒಬ್ಬರು, ಸ್ವೆಟರು ಹೆಣೆಯುತ್ತಾ ಕೂರುತ್ತಾರೆ, ಮಾತು ಕಡಿಮೆ. ಕ್ರಿಸ್‌ಮಸ್ ರಜೆಗೆ ಸೊಸೆ ಮೆಕ್ಸಿಕೋಗೆ ಕರೆದುಕೊಂಡು ಹೋಗಿ ಅಲ್ಲಿಯ ಹಳೇ ಮಾಯನ್ನರು ಕಟ್ಟಿದ ಚಿಚೆನ್ ಇಟ್ಜಾ ಪಿರಮಿಡ್ಡು ತೋರಿಸುತ್ತಾಳೆ ಅಂತ ನಾನು ಬೆಂಚಿಗೆ ಹೇಳಿದೆ. ಜ್ವರ ಬಂದರೂ ಆಫೀಸಿಗೆ ರಜೆ ಹಾಕದ ಹುಡುಗಿ, ನನ್ನ ಸಲುವಾಗಿ ಕೂಡಿಟ್ಟ ರಜೆಯನ್ನೆಲ್ಲ ತೆಗೆದಿದ್ದಳು. ಇಂಥ ಸೊಸೆ ಸಿಗುವುದಕ್ಕೆ ನಾನು ಎಷ್ಟು ಮದುವೆಗೆ ಒಳ್ಳೇ ಊಟ ಹಾಕಿದ್ದೆನೋ.

ಡಾಕ್ಟ್ರು ಅಂದರು: "ಯಜಮಾನ್ರೇ, ಹೋದ ವರ್ಷ ತಾನೇ ಮೊಣಕಾಲು ಬದಲಾಯಿಸ್ಕೊಂಡಿದೀರಿ. ಕೆಳಗೆ ನಿಂತು ಕೈ ಮುಗಿದು ಬನ್ನಿ ಸಾಕು."

"ನೆತ್ತಿ ಹತ್ತಿಯೇ ಬರೋದು."

"ಹತ್ತದಿದ್ರೆ?"

"ಯುಗಾದಿವರೆಗೂ ಈ ಬೆಂಚಲ್ಲಿ ಒಂದೂ ಕಥೆ ಹೇಳಲ್ಲ. ನೀವು ಹೇಳಿದ್ದನ್ನ ಕೇಳ್ತೀನಿ."

ಮಾತು ಬಾಯಿಂದ ಬಿದ್ದ ಮೇಲೆ ನೆನಪಾಯಿತು. ಡಾಕ್ಟ್ರ ಕಥೆಗಳೆಲ್ಲ ಅಜೀರ್ಣದವು. ಜನ್ಮವೆಲ್ಲ ಮದುವೆ ಊಟ ಮಾಡಿಸಿದವನು ಚಳಿಗಾಲ ಪೂರ್ತಿ ಅಜೀರ್ಣದ ಕಥೆ ಕೇಳುತ್ತಾ ಕೂರುವುದನ್ನು ನೀವೇ ಯೋಚನೆ ಮಾಡಿ.

ಹಗ್ಗ

ಮನೆಯವರೆಲ್ಲ ಹೋದೆವು, ಮೊಮ್ಮಗಳೂ ಸೇರಿ. ಕಾಡಿನ ನಡುವೆ ಬಯಲು, ಬಯಲಿನ ನಡುವೆ ಆ ಕಲ್ಲಿನ ರಾಶಿ. ನಮ್ಮ ಕಡೆಯ ಗೋಪುರ ನೋಡಿದ ಕಣ್ಣು ನನ್ನದು, ಸುಲಭಕ್ಕೆ ಬಾಗುವುದಲ್ಲ. ಅವತ್ತು ಬಾಗಿತು. ಮೆಟ್ಟಿಲುಗಳು ಏಣಿ ನಿಲ್ಲಿಸಿದಷ್ಟು ಕಡಿದು. ಗಾಡಿ ಇಲ್ಲ, ಕಬ್ಬಿಣ ಇಲ್ಲ, ಬರೀ ಕೈಯಲ್ಲಿ ಕಟ್ಟಿದರಂತೆ.

ಮೊಣಕಾಲು ಆಗಲೇ ಗೊಣಗತೊಡಗಿತ್ತು. ಅಷ್ಟರಲ್ಲಿ ನೋಡುತ್ತೇನೆ, ಪಿರಮಿಡ್ಡಿನ ಸುತ್ತಲೂ ಹಗ್ಗ. ಹತ್ತುವಂತಿಲ್ಲ, ಯಾರೂ ಹತ್ತುವಂತಿಲ್ಲ. ಆ ಹಗ್ಗ ಕಟ್ಟಿಸಿದವರ ಹೊಟ್ಟೆ ತಣ್ಣಗಿರಲಿ ಅಂತ ಮನಸ್ಸಿನಲ್ಲೇ ಹರಸಿದೆ.

ಸೊಸೆ ಅಂದಳು: "ಒಳ್ಳೇದಾಯ್ತು ಮಾವ. ಹಗ್ಗ ಇತ್ತು ಅಂತ ಡಾಕ್ಟರ್ ಅಂಕಲ್‌ಗೆ ಹೇಳಿಬಿಡಿ, ಪಣ ಕ್ಯಾನ್ಸಲ್."

"ಹಗ್ಗ ಇತ್ತು ಅಂದ್ರೆ ಕಥೆ ಎಲ್ಲಮ್ಮ ಉಳೀತು?"

ಚಪ್ಪಲಿ

ಹತ್ತಲಿಕ್ಕೆ ಬಿಡದಿದ್ದರೆ ಹೋಗಲಿ, ಸುತ್ತು ಹಾಕಲು ಯಾರ ಅಪ್ಪಣೆ? ಅಷ್ಟು ದೊಡ್ಡ ಗುಡಿಯ ಮುಂದೆ ಚಪ್ಪಲಿ ಮೆಟ್ಟಿ ನಡೆಯಲು ನನಗೆ ಮನಸ್ಸು ಬರಲಿಲ್ಲ. ಒಂದು ಮರದ ಬುಡದಲ್ಲಿ ಬಿಟ್ಟು, ಕೈ ಮುಗಿದುಕೊಂಡು ಪ್ರದಕ್ಷಿಣೆ ಹೊರಟೆ. ನೆಲ ಕಾದ ಕಾವಲಿ. ಒಲೆಯ ಮುಂದೆ ಬೆಳೆದ ಪಾದ, ತಡೆಯಿತು.

ಅರ್ಧ ಸುತ್ತಿಗೆ ಹಿಂದೆ ತಿರುಗಿದರೆ ಒಂದು ಜಪಾನಿ ಕುಟುಂಬ ಬರಿಗಾಲಲ್ಲಿ ಬರುತ್ತಿದೆ. ಅವರ ಹಿಂದೆ ಯಾವುದೋ ದೇಶದ ಟೂರಿನವರು, ಅವರೂ ಬರಿಗಾಲು, "ಹಾ ಹೂ" ಅಂತ ಕುಣಿಯುತ್ತಾ. ಇದು ಇಲ್ಲಿಯ ಕಟ್ಟಳೆ ಅಂದುಕೊಂಡು ಎಲ್ಲರೂ ಬಿಚ್ಚಿಟ್ಟಿದ್ದಾರೆ. ಸುತ್ತು ಮುಗಿಸಿ ಬಂದಾಗ ಮರದ ಕೆಳಗೆ ಒಂದು ಸಣ್ಣ ಪಿರಮಿಡ್ಡು ಎದ್ದಿತ್ತು, ಬೂಟು ಚಪ್ಪಲಿಗಳದ್ದು.

ಕಾವಲುಗಾರ ತಲೆ ಕೆರೆದುಕೊಂಡು ಸೊಸೆಯನ್ನು ಕೇಳಿದ, ಇದು ಯಾವ ದೇವರ ನಿಯಮ ಅಂತ.

"ದೇವರದಲ್ಲ," ಅಂದಳು ಅವಳು. "ನಮ್ಮ ಮಾವನದು."

ಚಪ್ಪಾಳೆ

ಆ ಮೆಟ್ಟಿಲುಗಳ ಎದುರು ನಿಂತು ಕೈ ತಟ್ಟಿದರೆ ಕಲ್ಲು ಹಕ್ಕಿಯ ಹಾಗೆ ದನಿ ಕೊಡುತ್ತದೆ. ಹಳಬರು ಹಾಗೆ ಕಟ್ಟಿದ್ದಾರೆ. ಎಲ್ಲರೂ ತಟ್ಟಿದರು, ಕೀಚು ಅಂತ ಸಣ್ಣ ದನಿ ಬಂತು. ನಾನು ತಟ್ಟಿದೆ. ಹಂಡೆ ಎತ್ತಿದ ಕೈ ಇದು. ದನಿ ಬಂತು ನೋಡಿ, ಉದ್ದಕ್ಕೆ, ರಾಗವಾಗಿ, ನಿಲ್ಲಲೇ ಇಲ್ಲ.

"ಕೇಳಿದೆಯಾ ಮಗಳೇ?" ಅಂತ ಮೊಮ್ಮಗಳನ್ನು ಕೇಳಿದೆ.

ಅವಳು ನನ್ನ ತಲೆಯ ಮೇಲಿನ ಕೊಂಬೆ ತೋರಿಸಿದಳು. "ತಾತ, ದಟ್ ವಾಸ್ ಎ ರಿಯಲ್ ಬರ್ಡ್."

ಅಜ್ಜಿಯ ಚಟ್ನಿ

ಮಾಯನ್ನರೆಲ್ಲ ಯಾವತ್ತೋ ಹೊರಟುಹೋದರು ಅಂತ ಬೆಂಚಿನಲ್ಲಿ ಡಾಕ್ಟ್ರು ಹೇಳಿದ್ದರು. ಎಲ್ಲಿಗೂ ಹೋಗಿಲ್ಲ. ರಸ್ತೆ ಪಕ್ಕದ ಊರಲ್ಲಿ, ಹೂವು ಕಸೂತಿ ಹಾಕಿದ ಬಿಳೀ ಅಂಗಿ ತೊಟ್ಟ ಒಬ್ಬ ಮಾಯಾ ಅಜ್ಜಿ ಮುಸುಕಿನ ಜೋಳದ ರೊಟ್ಟಿ ತಟ್ಟುತ್ತಾ ಕೂತಿದ್ದಳು. ಕೈಯ ಓಟ ನೋಡಿದ ಕೂಡಲೇ ಗೊತ್ತಾಯಿತು, ನಮ್ಮ ಕುಲದವಳೇ ಅಂತ, ಅಡಿಗೆಯ ಕುಲ.

ಮೊಮ್ಮಗಳು ಫೋನು ನೋಡಿ ಹೇಳಿದಳು, ಮೆಣಸಿನಕಾಯಿ, ಟೊಮ್ಯಾಟೊ ಎಲ್ಲ ಮೊದಲು ಬೆಳೆಸಿದ್ದು ಈ ಸೀಮೆಯ ಹಳೇ ಜನ, ನಮ್ಮ ದೇಶಕ್ಕೆ ಆಮೇಲೆ ಹಡಗಲ್ಲಿ ಬಂತು ಅಂತ.

"ಅದಕ್ಕೆ ಮುಂಚೆ ನಮ್ಮ ಸಾರಿಗೆ ಏನು ಹಾಕ್ತಿದ್ರೇ?"

"ಪೆಪ್ಪರ್, ತಾತ. ಜಸ್ಟ್ ಪೆಪ್ಪರ್."

ನಾನು ಕೂತವನು ಎದ್ದೆ. ನನ್ನ ಸಾರು ಕುಡಿದು ಜನ ಎಷ್ಟು ಹೊಗಳಿದ್ದಾರೆ, ಎಲ್ಲವನ್ನೂ ಒಬ್ಬನೇ ಇಟ್ಟುಕೊಂಡೆನಲ್ಲ. ಅರ್ಧ ಈ ಅಜ್ಜಿಯ ಮನೆತನಕ್ಕೆ ಸೇರಬೇಕಾದದ್ದು. ಎರಡೂ ಕೈ ಜೋಡಿಸಿ ಬಗ್ಗಿ ನಮಸ್ಕಾರ ಮಾಡಿದೆ. ಅಜ್ಜಿ ಅದನ್ನು ಚಟ್ನಿ ಇನ್ನೂ ಬೇಕು ಅಂತ ಅರ್ಥ ಮಾಡಿಕೊಂಡು ಒಂದು ಚಮಚ ಹಾಕಿದಳು. ಸಾಕು ತಾಯಿ ಅಂತ ಮತ್ತೆ ಕೈ ಮುಗಿದೆ. ಮತ್ತೊಂದು ಚಮಚ.

ಅವರ ಕಿತ್ತಳೆ ಬಣ್ಣದ ಪುಟ್ಟ ಮೆಣಸಿನಕಾಯಿಯ ಚಟ್ನಿ ಅದು. ಎಲೆಯಲ್ಲಿ ಬಡಿಸಿದ್ದನ್ನು ಬಿಟ್ಟು ಏಳುವ ಅಭ್ಯಾಸ ನನಗಿಲ್ಲ. ಬ್ಯಾಡಗಿ, ಗುಂಟೂರು ಎರಡನ್ನೂ ಅರೆದು ಕುಡಿದವನ ಕಣ್ಣು, ಮೂಗು ಎಲ್ಲ ಕಾಲುವೆಯಾಯಿತು.

"ಖಾರನಾ ಮಾವ?" ಅಂದಳು ಸೊಸೆ.

"ಇಲ್ಲ ಕಣಮ್ಮ. ಕೃತಜ್ಞತೆ."

ನೆತ್ತಿಯಿಂದ ಕಂಡದ್ದು

ವಾಪಸು ಬಂದ ಸಂಜೆಯೇ ಬೆಂಚು ತುಂಬಿತ್ತು. ಡಾಕ್ಟ್ರು ಪಕ್ಕದಲ್ಲಿ ಜಾಗ ಒರೆಸಿ ಕೂರಿಸಿದರು. "ಹತ್ತಿದ್ರಾ?"

ನಾನು ಕೆಮ್ಮಿ ಗಂಟಲು ಸರಿ ಮಾಡಿಕೊಂಡೆ. ನನ್ನ ಚಳಿಗಾಲದ ಮಾತೆಲ್ಲ ಆ ಒಂದು ಉತ್ತರದ ಮೇಲೆ ನಿಂತಿತ್ತು. "ಹತ್ತಿದೆ ಅಂತ ನಾನೇ ಹೇಳ್ಕೋಬೇಕೇ? ಮೆಟ್ಟಿಲು ನನ್ನನ್ನ ಕರೀತು ಡಾಕ್ಟ್ರೇ. ಅರ್ಧಕ್ಕೆ ಗಾಳಿ ಎದ್ದಿತು. ಪಂಚೆ ಸೊಂಟಕ್ಕೆ ಸುತ್ತಿದೆ. ನೆತ್ತಿಗೆ ಹೋಗಿ ನಿಂತೆ ನೋಡಿ, ಒಂದು ಕಡೆ ಕಾಡೋ ಕಾಡು, ಇನ್ನೊಂದು ಕಡೆ ನೀಲಿ ಸಮುದ್ರ. ಅಲೆ ಬಡಿಯೋ ಸದ್ದು ಕೇಳ್ತಿತ್ತು. ದೋಣಿಯವನೊಬ್ಬ ನನಗೆ ಕೈ ಬೀಸಿದ."

ಡಾಕ್ಟ್ರು ಬಾಯಿ ತೆರೆದುಕೊಂಡು ಕೂತಿದ್ದರು. ಗೆದ್ದೆ ಅಂದುಕೊಂಡೆ.

ಹುಬ್ಬಳ್ಳಿ ಅಮ್ಮ ಹೆಣಿಗೆ ಕಡ್ಡಿ ಮಡಿಲಲ್ಲಿಟ್ಟರು. "ಸಮುದ್ರ ಯಾವ ಕಡಿ ಕಂಡ್ತ್ರೀ ಯಜಮಾನ್ರ?"

"ಪೂರ್ವಕ್ಕೆ, ಅಮ್ಮ."

"ನಾನೂ ಹೋದ ವರ್ಷ ಮಗನ ಜೋಡಿ ಅಲ್ಲಿಗೆ ಹೋಗಿದ್ದೆರಿ. ಸಮುದ್ರ ಅಂದ್ರ ಅಲ್ಲಿಂದ ಕಾರಿನ್ಯಾಗ ತಾಸುಗಟ್ಟಲೆ ದಾರಿ. ಮತ್ತ ಮ್ಯಾಲ ಹತ್ತಾಕ ಯಾರನ್ನೂ ಬಿಡಂಗಿಲ್ಲ. ಸುತ್ತಲೂ ಹಗ್ಗ ಕಟ್ಟ್ಯಾರ."

ಬೆಂಚಿನ ಅಷ್ಟೂ ಕಣ್ಣು ನನ್ನ ಮೇಲೆ. ಡಾಕ್ಟ್ರು ಖುಷಿಯಾಗಿ ಫೋನು ತೆಗೆದು ಯುಗಾದಿ ಯಾವಾಗ ಅಂತ ಹುಡುಕತೊಡಗಿದರು.

ನಾನು ಭುಜ ಹಾರಿಸಿದೆ. "ಇರಬಹುದಮ್ಮ. ನೀವು ಹೋದಾಗ ಹಗ್ಗ ಇತ್ತು. ನಾನು ಹೋದಾಗ ಸಮುದ್ರ ಇತ್ತು."