ಙ ಅಕ್ಷರದವರಿಗೆ, ಹೆಸರಿಲ್ಲದ ಮಗುವಿನ ತಂದೆಯ ದೂರು

ಮಾನ್ಯ ಙಕಾರದವರೇ,

ಕ-ವರ್ಗದ ಐದನೇ ಆಸನದಲ್ಲಿ ಶತಮಾನಗಳಿಂದ ಯಾರ ಗೊಡವೆಗೂ ಹೋಗದೆ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ ನೆಮ್ಮದಿಯಾಗಿ ಕುಳಿತಿರುವ ತಮಗೆ, ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಹದಿನಾಲ್ಕು ವರ್ಷಗಳಿಂದ ಫ್ಲೆಕ್ಸು, ಲಗ್ನಪತ್ರಿಕೆ, ರಬ್ಬರ್ ಸ್ಟ್ಯಾಂಪು ಮಾಡಿಕೊಂಡಿರುವ ತೀರ್ಥೇಶ್ ಎಂಬ ನಾನು ಎರಡೂ ಕೈ ಜೋಡಿಸಿ ನಮಸ್ಕರಿಸುತ್ತೇನೆ. ತಾವು ಆರೋಗ್ಯವಾಗಿಯೇ ಇದ್ದೀರೆಂದು ನಂಬಿದ್ದೇನೆ; ಕೆಲಸವಿಲ್ಲದವರ ಆರೋಗ್ಯ ಕೆಡುವುದು ಅಪರೂಪ. ಇಂಥ ವಿಶ್ರಾಂತಿಯಲ್ಲಿರುವ ಹಿರಿಯರಿಗೆ ತೊಂದರೆ ಕೊಡುವುದು ತಪ್ಪೆಂದು ಗೊತ್ತಿದ್ದೂ ಈ ಪತ್ರ ಬರೆಯುತ್ತಿದ್ದೇನೆ, ಏಕೆಂದರೆ ತಮ್ಮಿಂದಾಗಿ ನನ್ನ ಮಗ ಐವತ್ತಾರು ದಿನ ಹೆಸರಿಲ್ಲದೆ ಮಲಗಿದ, ನನ್ನ ತಾಯಿ ಮತ್ತು ಹೆಂಡತಿ ಮಾತು ಬಿಟ್ಟರು, ಮತ್ತು ತಾಲ್ಲೂಕಿನ ಅರ್ಧದಷ್ಟು ಮಕ್ಕಳ ನಾಮಕರಣದ ಕಾರ್ಡು ಅಚ್ಚು ಹಾಕಿದ ನಾನು ಸ್ವಂತ ಮಗನ ಕಾರ್ಡಿನಲ್ಲಿ ಚುಕ್ಕೆಗಳನ್ನಿಟ್ಟು ಹಂಚಿದೆ.

ನಡೆದದ್ದನ್ನು ಮೊದಲಿನಿಂದ ತಮ್ಮ ಗಮನಕ್ಕೆ ತರುತ್ತೇನೆ. ನನ್ನ ಹೆಂಡತಿ ವಿನಯಾ ಸಾಗರದವಳು, ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿನ ಟೀಚರು. ಹೆರಿಗೆಗೆ ತವರಿಗೆ ಹೋಗಿದ್ದಳು. ಫೆಬ್ರವರಿಯ ಒಂದು ಗುರುವಾರ ಬೆಳಿಗ್ಗೆ ನರ್ಸಮ್ಮ ಹೊರಗೆ ಬಂದು ನಗುತ್ತಾ ನಿಂತಾಗ, ನನ್ನ ತಾಯಿ ಜಲಜಮ್ಮ ಗಂಡೋ ಹೆಣ್ಣೋ ಎಂದು ಕೇಳಲಿಲ್ಲ; "ಟೈಮೆಷ್ಟು?" ಎಂದರು. ಒಂಬತ್ತು ನಲವತ್ತು ಎಂದದ್ದನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡು, ಆಮೇಲೆ "ಎಂತ ಮಗು?" ಎಂದರು. ನಾವೆಲ್ಲ ನಕ್ಕೆವು. ಆ ನಗುವಿನ ಬೆಲೆ ಸಂಜೆಗೆ ತಿಳಿಯಿತು.

ಸಂಜೆ ಅಮ್ಮ ತೀರ್ಥಹಳ್ಳಿಯ ಸುಂದರೇಶ ಭಟ್ಟರಿಗೆ ಫೋನು ಮಾಡಿಸಿದರು. ಭಟ್ಟರು ನಮ್ಮ ಮನೆಯ ಮೂರು ತಲೆಮಾರಿನ ಜಾತಕ ಬಲ್ಲವರು. ಅವರು ಪಂಚಾಂಗದ ಹಾಳೆ ಮಗುಚುವ ಸದ್ದು ಸ್ಪೀಕರಿನಲ್ಲಿ ಕೇಳಿಸಿತು, ನಿಂತಿತು, ಮತ್ತೆ ಕೇಳಿಸಿತು. ಕೊನೆಗೆ, ಅಡುಗೆಮನೆಯಲ್ಲಿ ಹಾವು ಕಂಡವರ ಧ್ವನಿಯಲ್ಲಿ, "ಆರಿದ್ರಾ ಮೂರನೇ ಪಾದ... ಙ ಬಂತಲ್ಲ ಜಲಜಮ್ಮ" ಎಂದರು. ಪಂಚಾಂಗದವರು ನಕ್ಷತ್ರಕ್ಕೆ ನಾಲ್ಕರಂತೆ ಅಕ್ಷರ ಹಂಚುವಾಗ ಆರಿದ್ರೆಗೆ ಕು, ಘ, ಙ, ಛ ಎಂದು ಕೊಟ್ಟಿದ್ದಾರಂತೆ. ಮಗ ಒಂದಿಷ್ಟು ಅವಸರ ಮಾಡಿದ್ದರೆ ಘನಶ್ಯಾಮನಾಗುತ್ತಿದ್ದ. ಆದರೆ ಅವನು ಸರಿಯಾಗಿ ತಮ್ಮ ಪಾಳಿಯಲ್ಲೇ ಬಂದ. ತಮಗೂ ಒಂದು ಪಾಳಿ ಇದೆ ಎಂಬುದೇ ನನಗೆ ಅಂದು ಗೊತ್ತಾದದ್ದು.

ಭಟ್ಟರು ಲೋಕ ಕಂಡವರು. "ಇದಕ್ಕೆ ಯಾರೂ ಇಡೋದಿಲ್ಲ, ಕು ಅಂತಾನೋ ಘ ಅಂತಾನೋ ಇಟ್ರಾಯ್ತು" ಎಂದರು. ಅಮ್ಮ ಒಪ್ಪಲಿಲ್ಲ. "ಪಕ್ಕದ ಮನೆ ಬಾಗಿಲು ನಾವೆಂತಕೆ ತಟ್ಟೋದು ಭಟ್ರೇ? ಇವನ ಪಾಲಿಗೆ ಬಂದಿದ್ದು ಯಾವ್ದೋ ಅದ್ರಲ್ಲೇ ಇಡಿ." ಹಾಗಾದರೆ ನಕ್ಷತ್ರದ ಹೆಸರನ್ನು ಕಿವಿಯಲ್ಲಿ ಹೇಳಿ, ಕರೆಯಲಿಕ್ಕೆ ಬೇರೆ ಇಟ್ಟುಕೊಳ್ಳಿ, ಎಲ್ಲರೂ ಮಾಡುವುದು ಅದೇ ಎಂದು ಭಟ್ಟರು ಇನ್ನೊಂದು ದಾರಿ ತೋರಿಸಿದರು. ಅಮ್ಮನ ಮುಖ ಗಟ್ಟಿಯಾಯಿತು. "ಕಿವೀಲೊಂದು ಬಾಯಲ್ಲೊಂದು ಬ್ಯಾಡ. ಕರೆಯೋದೂ ಅದೇ ಆಗ್ಬೇಕು" ಎಂದು ಫೋನು ನನ್ನ ಕೈಗೆ ಕೊಟ್ಟು ಎದ್ದು ಹೋದರು. ನನ್ನ ತಾಯಿ ಹಠದ ಹೆಂಗಸಲ್ಲ. ತಿಂಡಿಗೆ ಏನು ಮಾಡಲಿ ಎಂದು ಇಂದಿಗೂ ಸೊಸೆಯನ್ನು ಕೇಳುವವರು. ಆದ್ದರಿಂದ ಈ ಹಠ ಎಲ್ಲಿಂದ ಬಂತೆಂದು ನನಗೆ ಹೊಳೆಯಲಿಲ್ಲ, ಮತ್ತು ನಾಚಿಕೆಯ ಮಾತೆಂದರೆ, ನಾನು ಕೇಳಲೂ ಇಲ್ಲ.

ಬದಲಿಗೆ ತಮ್ಮನ್ನು ಹುಡುಕಲು ಹೊರಟೆ. ಅಂಗಡಿಯ ಕೀಬೋರ್ಡಿನಲ್ಲಿ ತಾವು ಯಾವ ಗುಂಡಿಯ ಅಡಿಯಲ್ಲಿದ್ದೀರೆಂದು ಪತ್ತೆ ಮಾಡಲು ಕಾಲು ಗಂಟೆ ಹಿಡಿಯಿತು. ಸಿಕ್ಕ ಮೇಲೆ ತಮಗೊಂದು ಕೊಂಬು ಕೊಡಲು ನೋಡಿದರೆ ನನ್ನ ಹಳೆಯ ಫಾಂಟು ಕೊಂಬನ್ನು ತಮ್ಮಿಂದ ಒಂದು ಮಾರು ದೂರ ನಿಲ್ಲಿಸಿತು. ಫ್ಲೆಕ್ಸ್ ಮಿಷನ್ನಿಗೆ ಕಳಿಸಿದರೆ ಅದು ತಮ್ಮ ಜಾಗದಲ್ಲಿ ಖಾಲಿ ಚೌಕವೊಂದನ್ನು ಮುದ್ರಿಸಿ ಸುಮ್ಮನಾಯಿತು. ನಿಘಂಟು ತೆರೆದರೆ, ತಾವು ಒಂದು ಅಕ್ಷರ ಎಂದಷ್ಟೇ ಹೇಳಿ ಮುಂದಿನ ಅಕ್ಷರಕ್ಕೆ ಹೋಗಿತ್ತು. ಫೋನಿನಲ್ಲಿ ಮಕ್ಕಳ ಹೆಸರಿನ ಆ್ಯಪ್ ಹಾಕಿಕೊಂಡೆ. ಅದು ತಮ್ಮನ್ನು ಒತ್ತಿದ ಕೂಡಲೇ ಬಹಳ ಹೊತ್ತು ಗಿರಗಿರನೆ ತಿರುಗಿ, ಈ ಅಕ್ಷರದಲ್ಲಿ ಗಂಡು ಹೆಸರುಗಳಿಲ್ಲ, ಹೆಣ್ಣು ಮಗುವಿಗೆ ಪ್ರಯತ್ನಿಸಿ ನೋಡುವಿರಾ ಎಂದು ವಿನಯದಿಂದ ಕೇಳಿತು. ಆ ಹೊತ್ತಿಗೆ ಪ್ರಯತ್ನದ ಕಾಲ ಮುಗಿದಿತ್ತು.

ಮನೆಯವರೂ ಕೈಲಾದ ಸಹಾಯ ಮಾಡಿದರು. ನನ್ನ ಮಾವ ಅಂಜನಪ್ಪನವರು ನಿವೃತ್ತ ಬಸ್ ಕಂಡಕ್ಟರು. ಮೂವತ್ತು ವರ್ಷ ಎಂಜಿನ್ನಿನ ಪಕ್ಕದಲ್ಲಿ ನಿಂತು ಕಿವಿ ಸ್ವಲ್ಪ ಮಂದ. ಅವರು ಎರಡು ದಿನ ಯೋಚಿಸಿ, ಯಾವ ಅಕ್ಷರಕ್ಕಾದರೂ 'ಈಶ' ಸೇರಿಸಿದರೆ ಹೆಸರಾಗುತ್ತದೆ ಎಂಬ ತತ್ವದ ಮೇಲೆ 'ಙೇಶ' ಎಂದು ಘೋಷಿಸಿದರು. ಹೇಳಿ ನೋಡಲು ಹೋದ ನಾಲ್ವರಲ್ಲಿ ಮೂವರಿಗೆ ಕೆಮ್ಮು ಬಂತು. ವಿನಯಾ ಮಾತ್ರ ನಗಲಿಲ್ಲ. ಅವಳು ಬಸುರಿಯಾದಾಗಿನಿಂದ ಒಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆದಿಟ್ಟುಕೊಂಡು ಬಂದವಳು. ತರಗತಿಯ ಗೋಡೆಯ ಚಾರ್ಟಿನಲ್ಲಿ ಗ ಅಕ್ಷರಕ್ಕೆ ಗಡಿಯಾರ, ಘ ಅಕ್ಷರಕ್ಕೆ ಘಂಟೆಯ ಚಿತ್ರವಿದ್ದರೆ ತಮ್ಮ ಎದುರು ಬಿಳಿ ಗೋಡೆಯಂಥ ಜಾಗವಿದೆ. ಅಲ್ಲಿ ಏನಿದೆ ಎಂದು ಮಕ್ಕಳು ಕೇಳಿದರೆ ಪ್ರತಿ ವರ್ಷ ಉತ್ತರ ಹುಡುಕಬೇಕಾದವಳು ಅವಳು. ಹನ್ನೆರಡನೇ ದಿನ ತೊಟ್ಟಿಲ ಶಾಸ್ತ್ರ ಮುಂದಕ್ಕೆ ಹೋದಾಗ ಅವಳ ತಾಳ್ಮೆ ಮುಗಿಯಿತು. "ಅತ್ತೆ, ನನ್ನ ಮಗಂಗೆ ತನ್ನ ಹೆಸರು ಬರೆಯೋಕೆ ನಾಲ್ಕನೇ ಕ್ಲಾಸಾದ್ರೂ ಆಗ್ಬೇಕು. ನಿಮ್ಮ ಹಠಕ್ಕೆ ಅವನು ಊರಿಗೆಲ್ಲ ನಗೆಪಾಟ್ಲು ಆಗ್ಬೇಕಾ?" ಎಂದಳು.

ಅಮ್ಮ ಮಗುವಿನ ತಲೆಗೆ ಎಣ್ಣೆ ಇಟ್ಟು, ಕೈ ಒರೆಸಿಕೊಂಡು, ಚೀಲ ಹಿಡಿದು ಹೊಸನಗರದ ಬಸ್ಸು ಹತ್ತಿದರು. ಆಮೇಲೆ ನಲವತ್ತಕ್ಕೂ ಹೆಚ್ಚು ದಿನ ಸಾಗರದ ಕಡೆ ಕಾಲಿಡಲಿಲ್ಲ. ನಾನು ವಾರಕ್ಕೆರಡು ಸಲ ಸಾಗರಕ್ಕೆ ಹೋಗಿಬಂದು ಫೋನಿನಲ್ಲಿ ಫೋಟೋ ತೋರಿಸಿದರೆ, ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಜ್ವರಗಿರ ಎಂತ ಇಲ್ವಲ್ಲ?" ಎಂದಷ್ಟೇ ಕೇಳುತ್ತಿದ್ದರು. ಪ್ರತಿ ಸಲವೂ ಅದೇ ಪ್ರಶ್ನೆ. ಅತ್ತ ವಿನಯಾ ಮಗುವನ್ನು ಏನೆಂದೂ ಕರೆಯುತ್ತಿರಲಿಲ್ಲ. ಲಸಿಕೆ ಹಾಕಿಸಲು ಹೋದರೆ ಅವರ ಪಟ್ಟಿಯಲ್ಲಿ ಅವನು 'ವಿನಯಾ ಅವರ ಗಂಡು ಮಗು' ಎಂದೇ ಇದ್ದ. ಮಾನ್ಯರೇ, ಇಬ್ಬರು ಒಳ್ಳೆಯ ಹೆಂಗಸರ ನಡುವೆ ತಾವು ತಮ್ಮ ಆ ಸುರುಳಿ ದೇಹವನ್ನು ಚಾಚಿ ಮಲಗಿದ್ದ ರೀತಿಗೆ ನನ್ನ ಅಭಿನಂದನೆಗಳು. ಯಾವ ಆಸ್ತಿ ಜಗಳವೂ ನಮ್ಮ ಮನೆಯಲ್ಲಿ ಇಷ್ಟು ಅಚ್ಚುಕಟ್ಟಾಗಿ ಬಿರುಕು ಬಿಡಿಸಿರಲಿಲ್ಲ.

ಕೊನೆಗೆ ಐವತ್ತಾರನೇ ದಿನಕ್ಕೆ ನಾನೇ ಮುಹೂರ್ತ ಕೇಳಿ, ಹೆಸರು ಆಗಲಿ ಬಿಡಲಿ ಊಟ ಆಗಲೇಬೇಕೆಂದು ನಿಶ್ಚಯಿಸಿದೆ. ಅಮ್ಮನನ್ನು ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಅವರು ಸಾಗರದ ಮನೆಯಲ್ಲಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತರು, ಒಳಗೆ ಬರಲಿಲ್ಲ. ಭಟ್ಟರು ಬಾಳೆಲೆಯ ಮೇಲೆ ಅಕ್ಕಿ ಹರವಿ, ಉಂಗುರ ಹಿಡಿದು, ಬರೆಯಲು ಸಿದ್ಧರಾಗಿ ತಲೆ ಎತ್ತಿದರು. "ಹ್ಞಾಂ, ಹೇಳಿ. ಎಂತ ಬರೀಲಿ?"

ನಾನು ಅಕ್ಕಿಯನ್ನು ನೋಡುತ್ತಾ ಕುಳಿತೆ. ಆಗ ವಿನಯಾ ಮಗುವನ್ನೆತ್ತಿಕೊಂಡು ಎದ್ದು, ಬಾಗಿಲವರೆಗೆ ಹೋಗಿ ಅಮ್ಮನ ಎದುರಿಗೆ ನೆಲದ ಮೇಲೆ ಕುಳಿತಳು. "ಅತ್ತೆ, ಅವತ್ತು ನಾನು ಜಾಸ್ತಿ ಮಾತಾಡ್ದೆ. ತಪ್ಪಾಯ್ತು. ಆದ್ರೆ ಎಂತಕೆ ಹಿಂಗೆ ಅಂತ ಒಂದ್ಸಲ ಹೇಳಿ. ಗೊತ್ತಾದ್ರೆ ಙೇಶ ಅಂತಾನೇ ಕರೀತೀನಿ, ನಂಗೆ ಬೇಜಾರಿಲ್ಲ."

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಡಿಸುತ್ತಾ ಕುಳಿತರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು. "ಇವನಿಗಿಂತ ಮೊದ್ಲು ನಂಗೊಂದು ಗಂಡು ಮಗು ಆಗಿತ್ತು. ಕಿವೀಲಿ ನಕ್ಷತ್ರದ ಹೆಸರೇ ಹೇಳಿದ್ರು. ಇವರಪ್ಪ, ಅದು ಹಳೇ ಕಾಲದ್ದಾತು ಅಂತ, ಕರೆಯೋಕೆ ಬೇರೆ ಇಟ್ರು. ನಂಗೂ ಚಂದ ಅನ್ಸಿತ್ತು, ನಾನೂ ಕರ್ದೆ. ಎರಡು ತಿಂಗಳು ತುಂಬಲಿಲ್ಲ. ಜ್ವರ ಬಂತು, ಎರಡೇ ದಿನ." "ಜ್ವರದಿಂದ ಅಂತ ಎಲ್ರೂ ಹೇಳಿದ್ರು. ನಂಗೂ ಗೊತ್ತು. ಆದ್ರೂ ಕರ್ದೋಳು ನಾನಲ್ವಾ? ಅದಕ್ಕೇ ತೀರ್ಥೇಶಂಗೆ ನಕ್ಷತ್ರ ಬಿಟ್ಟು ಬ್ಯಾರೆ ಎಂತದೂ ಬಾಯಲ್ಲಿ ಬರ್ದಂಗೆ ನೋಡ್ಕಂಡೆ" ಎಂದರು.

ಮಾನ್ಯರೇ, ನನಗೆ ಮೂವತ್ತಾರು ವರ್ಷ. ನನಗೊಬ್ಬ ಅಣ್ಣನಿದ್ದನೆಂದು ಅಂದು ಬೆಳಿಗ್ಗೆ ಹನ್ನೊಂದು ಗಂಟೆಗೆ, ಅಕ್ಕಿಯ ಮುಂದೆ ಕುಳಿತು ತಿಳಿದುಕೊಂಡೆ. ಬದುಕಿರುವಾಗ ಅಪ್ಪನೂ ಹೇಳಿರಲಿಲ್ಲ. ಎದ್ದು ಹೋಗಿ ಅಮ್ಮನ ಪಕ್ಕ ನಿಲ್ಲಬೇಕೆನಿಸಿತು, ಆದರೆ ಏಳಲಿಲ್ಲ. ವಿನಯಾ ಮೆಲ್ಲಗೆ, "ಅವನ ಹೆಸರೆಂತ ಇತ್ತು ಅತ್ತೆ?" ಎಂದಳು.

"ಉದಯ" ಎಂದರು ಅಮ್ಮ. ಇಷ್ಟು ವರ್ಷಗಳಲ್ಲಿ ಮೊದಲ ಸಲ.

ವಿನಯಾ ಮಗುವನ್ನು ಅಮ್ಮನ ಮಡಿಲಿಗೆ ಹಾಕಿದಳು. ನಲವತ್ತು ದಿನದ ಮೇಲೆ ಮೊಮ್ಮಗನನ್ನು ಕೈಯಲ್ಲಿ ಹಿಡಿದ ಅಮ್ಮ ಅವನನ್ನೇ ನೋಡಿದರು, ಕಣ್ಣಿನ ನೀರು ಅವನ ಕೆನ್ನೆಗೆ ಬಿತ್ತು. ಅವನು ಅಳಲಿಲ್ಲ. ಅಜ್ಜಿಯ ಮೂಗುಬೊಟ್ಟನ್ನು ದಿಟ್ಟಿಸಿ ನೋಡಿ, ಕಾಲು ಝಾಡಿಸಿ, ಅದುವರೆಗೆ ಮನೆಯಲ್ಲಿ ಯಾರೂ ಕೇಳಿರದ ಒಂದು ಸದ್ದು ಮಾಡಿದ. "ಙೂ" ಎಂದ. ಆಮೇಲೆ, ನಾವು ಕೇಳಿಸಿಕೊಳ್ಳಲಿಲ್ಲವೇನೋ ಎಂಬಂತೆ, ಇನ್ನೂ ಸ್ಪಷ್ಟವಾಗಿ, "ಙ್ಙೂ" ಎಂದ.

ಭಟ್ಟರ ಕೈಯಿಂದ ಉಂಗುರ ಅಕ್ಕಿಗೆ ಬಿತ್ತು. "ಕೇಳ್ತಾ ಜಲಜಮ್ಮ? ಅದೇ ಅಕ್ಷರ! ನಲವತ್ತು ವರ್ಷದಿಂದ ಹೆಸರಿಡಿಸ್ತಾ ಇದೀನಿ, ತನ್ನ ನಕ್ಷತ್ರ ತಾನೇ ಹೇಳ್ಕೊಂಡವರನ್ನ ನಾನು ಕಂಡಿಲ್ಲ." ಎರಡು ತಿಂಗಳಾಗುತ್ತಾ ಬಂದ ಎಲ್ಲ ಮಕ್ಕಳೂ ಹಾಗೆ ಹೇಳುತ್ತವೆ ಎಂಬುದು ಭಟ್ಟರಿಗೂ ಗೊತ್ತು, ವಿನಯಾಳಿಗೂ ಗೊತ್ತು, ನನಗೂ ಗೊತ್ತು. ಯಾರೂ ಬಾಯಿ ಬಿಡಲಿಲ್ಲ. ಅಮ್ಮ ಬಗ್ಗಿ, "ಇನ್ನೊಂದ್ಸಲ ಹೇಳು ಮಗ" ಎಂದರು. ಅವನು ಹೇಳಿದ. ಅಮ್ಮ ಅಳುತ್ತಲೇ ನಗತೊಡಗಿದರು. "ಆತು ಬಿಡು. ನಿಂದು ನೀನು ಹೇಳ್ಕಂಡ್ಯಲ್ಲ, ಇನ್ನೆಂತ ಹೆದ್ರಿಕೆ" ಎಂದು ಸೊಸೆಯ ಕಡೆ ತಿರುಗಿ, "ನಿನ್ನ ಬುಕ್ಕಲ್ಲಿ ಎಂತ ಬರ್ಕಂಡಿದ್ದಿ, ಹೇಳು" ಎಂದರು.

ವಿನಯಾ "ನಿನಾದ" ಎಂದಳು. ಅಮ್ಮ ಅದನ್ನು ಬಾಯಲ್ಲಿ ಎರಡು ಸಲ ಆಡಿಸಿ ನೋಡಿ, ಭಟ್ಟರ ಉಂಗುರ ಇಸಿದುಕೊಂಡು, ತಾವೇ ಅಕ್ಕಿಯಲ್ಲಿ ಬರೆದರು. ಹಿಂದಿನ ಸಾಲಿನಲ್ಲಿದ್ದ ಅಂಜನಪ್ಪನವರಿಗೆ ಮಾತ್ರ ಸರಿಯಾಗಿ ಕೇಳಿಸದೆ, "ನೀನಾದ್ರೆ ಎಂತ? ನಾನಾದ್ರೆ ಎಂತ? ಹೆಸ್ರು ಹೇಳ್ರಾ ಮೊದ್ಲು!" ಎಂದು ಕೂಗಿದರು. ಊಟದ ಪಂಕ್ತಿಯವರೆಗೂ ಆ ನಗು ಇಳಿಯಲಿಲ್ಲ.

ಇಷ್ಟಾದರೂ ದೂರು ದೂರೇ. ಬಂದು ನೆರವಾದಿರೆಂದು ತಮ್ಮನ್ನು ಹೊಗಳಲು ನಾನು ಸಿದ್ಧನಿಲ್ಲ. ದೊಡ್ಡವರೆಲ್ಲ ಐವತ್ತಾರು ದಿನ ಬೇಡಿದಾಗ ಬಾರದೆ, ಹಲ್ಲಿಲ್ಲದ ಬಾಯಿ ಕರೆದಾಗ ಓಡಿ ಬಂದದ್ದು ಪಕ್ಷಪಾತ. ಆದ್ದರಿಂದ ನನ್ನ ಕೋರಿಕೆಗಳು ಹೀಗಿವೆ: ತಾವು ಮುಂದಿನ ಜೂನ್ ಒಳಗೆ, ಒಂದನೇ ಕ್ಲಾಸಿನ ಮಕ್ಕಳು ಗುರುತು ಹಿಡಿಯುವಂಥ ಯಾವುದಾದರೂ ಪ್ರಾಣಿಯನ್ನೋ ಹಣ್ಣನ್ನೋ ಸೃಷ್ಟಿಸಿ ಅದಕ್ಕೆ ತಮ್ಮ ಹೆಸರಿಟ್ಟು ಚಾರ್ಟಿನ ಆ ಖಾಲಿ ಜಾಗ ತುಂಬಬೇಕು, ಅದಾಗದಿದ್ದರೆ ಆರಿದ್ರಾ ನಕ್ಷತ್ರದ ಮೂರನೇ ಪಾದವನ್ನು ಸ್ವಇಚ್ಛೆಯಿಂದ ಘ ಅವರಿಗೆ ಬಿಟ್ಟುಕೊಡಬೇಕು, ಅದೂ ಆಗದಿದ್ದರೆ, ನನ್ನ ಮಗ ತಮ್ಮನ್ನು ಮರೆತು ಬೇರೆ ಅಕ್ಷರಗಳನ್ನು ಕಲಿಯುವ ಆ ಕೆಲವೇ ತಿಂಗಳುಗಳಲ್ಲಿ, ದಿನಕ್ಕೆರಡು ಬಾರಿಯಾದರೂ ಅವನ ಬಾಯಿಗೆ ತಪ್ಪದೆ ಬಂದು ಹೋಗಬೇಕು. ಅಮ್ಮ ಈಗ ಸಾಗರದಲ್ಲೇ ಇದ್ದಾರೆ. ಕೆಲಸವೆಲ್ಲ ಬಿಟ್ಟು ಅವನ ಪಕ್ಕದಲ್ಲಿ ಕಾಯುತ್ತಾ ಕೂರುತ್ತಾರೆ. ಮೊನ್ನೆ ವಿನಯಾ ಒಳಗಿನಿಂದ ಕೇಳಿಸಿಕೊಂಡಳಂತೆ: ಅಮ್ಮ ಅವನಿಗೆ ತಮ್ಮ ಮೊದಲ ಮಗನ ವಿಷಯ ಹೇಳುತ್ತಿದ್ದರು, ಅವನ ಕೂದಲು ಗುಂಗುರಾಗಿತ್ತು, ಎಡಗೈ ಬೆರಳು ಚೀಪುತ್ತಿದ್ದ ಎಂದು, ಹೆಸರು ಹಿಡಿದೇ.

ತಮ್ಮನ್ನು ಇನ್ನೆಂದೂ ಯಾವ ಕಾರ್ಡಿನಲ್ಲೂ ಅಚ್ಚು ಹಾಕಬೇಕಾಗಿ ಬಾರದಿರಲಿ ಎಂದು ಹಾರೈಸುವ, ಆದರೂ ತಮ್ಮ ವಿಶ್ವಾಸಿಯೇ ಆದ,

ತೀರ್ಥೇಶ್
ನಿನಾದನ ತಂದೆ, ಹೊಸನಗರ

ಮರೆತ ಮಾತು: ತಾಳಗುಪ್ಪದಲ್ಲಿರುವ ನನ್ನ ನಾದಿನಿ ಭವ್ಯಾಳಿಗೆ ಬರುವ ತಿಂಗಳು ದಿನ ತುಂಬುತ್ತದೆ. ತಮ್ಮ ಹಾಗೆಯೇ ವರ್ಗದ ಕೊನೆಯ ಕುರ್ಚಿಯಲ್ಲಿ ಕುಳಿತು ಕಾಲ ಕಳೆಯುತ್ತಿರುವ ಞ ಮತ್ತು ಣ ಅವರಿಗೂ ಪಂಚಾಂಗದಲ್ಲಿ ಒಂದೊಂದು ಪಾಳಿ ಇದೆ ಎಂದು ಭಟ್ಟರು ತಿಳಿಸಿದ್ದಾರೆ. ದಯವಿಟ್ಟು ಆ ತಿಂಗಳು ಇಬ್ಬರೂ ರಜೆಯಲ್ಲಿರುವಂತೆ ತಾವು ಖುದ್ದಾಗಿ ನೋಡಿಕೊಳ್ಳಬೇಕು. ಭವ್ಯಾಳ ಅತ್ತೆ ನನ್ನ ತಾಯಿಯಷ್ಟು ಮೃದು ಸ್ವಭಾವದವರಲ್ಲ.