ಒಂದು ಎಡಗಿವಿ ಬಾಕಿ

ಆ ಬ್ಯಾಂಡಿನವರು ಕಿವಿಯಣ್ಣನಿಗೆ ಒಂದು ಎಡಗಿವಿ ಬಾಕಿ ಉಳಿಸಿಕೊಂಡು ಮೂವತ್ತಾರು ವರ್ಷವಾಯಿತು. ಅಸಲೂ ಬಂದಿಲ್ಲ, ಬಡ್ಡಿಯೂ ಬಂದಿಲ್ಲ. ಹೀಗೆಂದು ಅವನು ಕಂಡವರಿಗೆಲ್ಲ ಹೇಳುತ್ತಾನೆ. ಕಾಣದವರನ್ನು ಹುಡುಕಿಕೊಂಡು ಹೋಗಿ ಹೇಳುತ್ತಾನೆ.

ಕಿವಿಯಣ್ಣ ಪಂಪ್‌ಹೌಸಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಪ್ರಾಯದಲ್ಲಿ ಒಂದು ಸಂಜೆ ಶಿಫ್ಟ್ ಮುಗಿಸಿ, ಕೈ ಕೂಡ ತೊಳೆಯದೆ, ಆ ರಾಕ್ ಬ್ಯಾಂಡಿನ ಕಾರ್ಯಕ್ರಮಕ್ಕೆ ಓಡಿದ. ಮೈದಾನದಲ್ಲಿ ಎಂಬತ್ತು ಸಾವಿರ ಜನ. ನೂಕಿ, ನುಗ್ಗಿ, ಯಾರದೋ ಕಂಕುಳ ಕೆಳಗೆ ತೂರಿ, ಮನೆಯಷ್ಟು ಎತ್ತರ ಪೇರಿಸಿದ್ದ ಸ್ಪೀಕರುಗಳ ಬುಡಕ್ಕೆ ಹೋಗಿ ನಿಂತ. ಸ್ಪೀಕರು ಎಡಕ್ಕಿತ್ತು. ಮೂರು ಗಂಟೆ ಜಪ್ಪಯ್ಯ ಎಂದರೂ ಕದಲಲಿಲ್ಲ. ಮನೆಗೆ ಬಂದಾಗ ಎಡಗಿವಿ ಇದ್ದ ಜಾಗದಲ್ಲೇ ಇತ್ತು, ಕೇಳುವುದನ್ನು ಮಾತ್ರ ಬಿಟ್ಟಿತ್ತು. ಸಂಗೀತಕ್ಕಾಗಿ ಅಂಗದಾನ ಮಾಡಿದ ಈ ಮಹಾತ್ಯಾಗಿಯನ್ನು ಅಭಿಮಾನಿ ಸಂಘದವರು ಅವಿರೋಧವಾಗಿ ಅಧ್ಯಕ್ಷ ಮಾಡಿದರು. (ಸಂಘದಲ್ಲಿ ಹನ್ನೊಂದು ಜನ. ಮೊಣಕಾಲು ನೆಟ್ಟಗಿರುವವರು ಇಬ್ಬರು.)

ಇದು ಎಲ್ಲರಿಗೂ ಗೊತ್ತಿರುವ ಕತೆ. ಯಾರಿಗೂ ಗೊತ್ತಿಲ್ಲದ್ದು ಇಷ್ಟೇ: ಆ ಕಿವಿಗೆ ಏನೂ ಆಗಿರಲಿಲ್ಲ.

ಮದುವೆಯಾದ ಎಂಟನೇ ದಿನ ಹೆಂಡತಿ ಎಡಗಡೆಯಿಂದ, "ರೀ, ಹಾಲು ಇಟ್ಟಿದೀನಿ, ಸ್ವಲ್ಪ ನೋಡ್ಕೊಳ್ಳಿ" ಅಂದಿದ್ದಳು. ಇವನು ಪೇಪರು ಓದುತ್ತಾ ಕೂತ. ಹಾಲು ಉಕ್ಕಿ, ಒಲೆ ಆರಿ, ಮನೆಯೆಲ್ಲ ಸೀದ ವಾಸನೆ. "ಹೇಳಿದ್ದು ಕೇಳಿಸಲಿಲ್ವಾ?" ಎಂದು ಅವಳು ಬಂದು ನಿಂತಾಗ ಹೊಸ ಗಂಡನ ಬಾಯಿಂದ ತಾನಾಗಿ ಬಂತು: "ಆ ಕಡೆ ಕಿವಿ ಹೋಗಿದೆ ಕಣೆ. ಸ್ಪೀಕರ್ ಪಕ್ಕ ನಿಂತಿದ್ದೆ." ಅವಳ ಕಣ್ಣಲ್ಲಿ ನೀರು ಬಂತು. ಬಯ್ಗುಳ ತಪ್ಪಿತು. ಅಂದಿನಿಂದ ಆ ಕಿವಿ ಅಧಿಕೃತವಾಗಿ ಕಿವುಡು.

ಮನೆಯೇ ಆ ಕಿವಿಯ ಸುತ್ತ ತಿರುಗಿತು. ಊಟದ ಮೇಜಿನಲ್ಲಿ ಅವಳು ಬಲಕ್ಕೆ, ಮಂಚದಲ್ಲಿ ಬಲಕ್ಕೆ, ರಸ್ತೆಯಲ್ಲಿ ಬಲಕ್ಕೆ. ಕರೆಗಂಟೆಯನ್ನು ಕಿತ್ತು ಬಲಗೋಡೆಗೆ ಹಾಕಿಸಿದಳು. ಇವನೋ, ಬಲಗಿವಿಯನ್ನು ದಿಂಬಿಗೆ ಒತ್ತಿ ಮಲಗಿದರೆ ಮುಗಿಯಿತು, ಅಂಗಡಿ ಬಂದ್. ಅವಳು ಏಳುಮಲ್ಲಿಗೆ ತೂಕದ ದನಿಯವಳಾಗಿದ್ದಳು. ಇವನಿಗೆ ಕೂಗಿ ಕೂಗಿ ಅವಳ ಗಂಟಲು ಕಹಳೆಯಾಯಿತು. ಹೊಲಿಗೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದವಳನ್ನು ಯೂನಿಯನ್ನಿನವರು ಘೋಷಣೆ ಕೂಗಲು ಮುಂದೆ ನಿಲ್ಲಿಸಿದರು. ಮೈಕು ಬೇಕಾಗುತ್ತಿರಲಿಲ್ಲ, ಆದ್ದರಿಂದ 'ಮೈಕಕ್ಕ' ಎಂದೇ ಹೆಸರಾಯಿತು. ಎರಡು ಸಲ ಸಂಬಳ ಏರಿದ್ದು ಆ ಗಂಟಲಿನಿಂದ. ಅಂದರೆ ಲೆಕ್ಕಕ್ಕೆ ಕಿವಿಯಣ್ಣನ ಸುಳ್ಳಿನಿಂದ. (ಚಳವಳಿಯ ಇತಿಹಾಸದಲ್ಲಿ ಇದನ್ನು ಯಾರೂ ಬರೆದಿಲ್ಲ.)

ಸುಳ್ಳಿಗೆ ಒಂದು ದಂಡವೂ ಇತ್ತು. ಎಡಗಿವಿ ಸತ್ತಿದೆ ಎಂದು ನಂಬಿದ ಮೈಕಕ್ಕ ಅದನ್ನು ಕಸದ ತೊಟ್ಟಿ ಮಾಡಿಕೊಂಡಳು. ಮನಸ್ಸಿನಲ್ಲಿದ್ದದ್ದನ್ನೆಲ್ಲ ಆ ಕಡೆ ಬಂದು ಸುರಿಯುವಳು. "ಇವರಮ್ಮ ಇವರನ್ನ ಹೆತ್ತು ಸಾಕಿ ನನ್ನ ತಲೆಗೆ ಕಟ್ಟಿದರು, ಮಹಾತಾಯಿ." "ಹಾಡ್ತಾರಂತೆ ಹಾಡು, ಗಾಳಿ ಹಿಡಿದ ಪಂಪು." ಇವನು ಒಂದೊಂದು ಅಕ್ಷರವನ್ನೂ ಕೇಳಿಸಿಕೊಂಡು ಗೋಡೆ ನೋಡುತ್ತಾ ಕೂರಬೇಕು. ಉತ್ತರ ಕೊಟ್ಟರೆ ಕಿವಿ ಬದುಕಿದೆ ಎಂದಾಗುತ್ತದೆ, ಮೂವತ್ತಾರು ವರ್ಷದ ಬಂಡವಾಳ ಮುಳುಗುತ್ತದೆ.

ಹೀಗಿರುವಾಗ ಒಂದು ಭಾನುವಾರ ಸಂಘದ ಕಾರ್ಯದರ್ಶಿ ಟೈಲರ್, ಕೊರಳಲ್ಲಿ ಅಳತೆ ಟೇಪಿನ ಸಮೇತ ಓಡಿ ಬಂದ.

"ಕಿವಿಯಣ್ಣ! ನಮ್ಮ ಬ್ಯಾಂಡಿನ ಸಿನಿಮಾ ಬಂತು! ಅರ್ಧ ಈಗಿನ ಕಾರ್ಯಕ್ರಮ, ಇನ್ನರ್ಧ ನಿಮ್ಮದು!"

"ನಂದಾ?"

"ಅದೇ ಮೈದಾನ, ಅದೇ ಸಂಜೆ! ಹಳೇ ರೀಲು ಯಾವುದೋ ಗೋದಾಮಲ್ಲಿ ಸಿಕ್ತಂತೆ. ಉಜ್ಜಿ ತೊಳೆದು, ಒಬ್ಬೊಬ್ಬರ ಮೀಸೆ ಕೂದಲು ಎಣಿಸೋ ಹಾಗೆ ಮಾಡಿದಾರಂತೆ. ಸ್ಪೀಕರ್ ಪಕ್ಕದವರನ್ನ ತುಂಬಾ ಹೊತ್ತು ತೋರಿಸ್ತಾರಂತೆ ಕಣಣ್ಣಾ!"

ಕಿವಿಯಣ್ಣನ ಎದೆ ಉಬ್ಬಿ ಅಂಗಿಯ ಎರಡನೇ ಗುಂಡಿ ಹಾರಿತು. (ಟೈಲರ್ ಹೆಕ್ಕಿ ಜೇಬಿಗೆ ಹಾಕಿಕೊಂಡ.) ಒಂದು ವಿಷಯದಲ್ಲಿ ಮೈಕಕ್ಕ ಅವನಿಗೆ ಇವತ್ತಿನವರೆಗೂ ಸೋತಿರಲಿಲ್ಲ. ಕಿವಿ ಹೋದದ್ದನ್ನು ನಂಬಿದ್ದಳು, ಮುಂದಿನ ಸಾಲಿನಲ್ಲಿ ನಿಂತದ್ದನ್ನು ನಂಬಿರಲಿಲ್ಲ.

"ನಾಳಿದ್ದು ಬೆಳಗಿನ ಆಟಕ್ಕೆ ಹೋಗ್ತಿದೀವಿ" ಎಂದ.

ಅವಳು ಎಂದಿನಂತೆ ಸುತ್ತಿ ಬಲಗಡೆಗೆ ಬಂದಳು. "ಯಾವ ಸಿನಿಮಾ?"

"ನಾನಿರೋದು."

"ನೀವಾ? ಹೀರೋನಾ, ವಿಲನ್ನಾ?"

"ಹುತಾತ್ಮ."

"ಅಯ್ಯೋ ನನ್ನ ಹುತಾತ್ಮರೇ! ಬಸ್ಸಿನ ಕ್ಯೂನಲ್ಲಿ ಕೈಗೂಸು ಎತ್ಕೊಂಡೋರೂ ನಿಮ್ಮನ್ನ ದಾಟ್ಕೊಂಡು ಹೋಗ್ತಾರೆ. ಎಂಬತ್ತು ಸಾವಿರ ಜನನ ನೀವು ದಾಟಿದ್ರಾ? ಗೇಟಿನ ಹೊರಗೆ ಕಡಲೆಕಾಯಿ ತಿಂತಾ ನಿಂತಿರ್ತೀರಿ. ಯಾವುದೋ ಹಾರನ್ನಿಗೆ ಕಿವಿ ಹೋಗಿರತ್ತೆ."

"ಬಾ. ನಲವತ್ತಡಿ ಪರದೆ ಮೇಲೆ ತೋರಿಸ್ತೀನಿ. ಆಮೇಲೆ ಮಾತಾಡು."

"ಅಷ್ಟು ದೊಡ್ಡದಾಗಿ ನಿಮ್ಮನ್ನ ನೋಡೋ ಧೈರ್ಯ ನನಗಿಲ್ಲ" ಎಂದು ಹೇಳಿದಳಾದರೂ, ಹೊರಡುವ ದಿನ ಒಳ್ಳೆಯ ಸೀರೆಯನ್ನೇ ಉಟ್ಟಳು.

ಥಿಯೇಟರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಭಿಮಾನಿಗಳೆಲ್ಲ ಹಳೆಯ ಕಪ್ಪು ಬನಿಯನ್ನುಗಳಲ್ಲಿ ಬಂದಿದ್ದರು. ಬನಿಯನ್ನುಗಳು ಅಂದಿನವೇ, ಹೊಟ್ಟೆಗಳು ಇಂದಿನವು. ದೀಪ ಆರಿದ್ದೇ ತಡ, ಶಿಳ್ಳೆ. ಒಬ್ಬರ ಕಟ್ಟಿಸಿದ ಹಲ್ಲಿನ ಸೆಟ್ಟು ಶಿಳ್ಳೆಯ ಜೊತೆ ಹಾರಿ ಮುಂದಿನ ಸಾಲಿಗೆ ಬಿತ್ತು, ಆ ಸಾಲಿನವರು ಅದನ್ನು ಭಕ್ತಿಯಿಂದ ಹಿಂತಿರುಗಿಸಿದರು. ಪರದೆಯ ಮೇಲೆ ಎಪ್ಪತ್ತೆರಡು ವರ್ಷದ ಹಾಡುಗಾರ ಗಾಳಿಯಲ್ಲಿ ಜಿಗಿದಾಗ ಇಡೀ ಥಿಯೇಟರು ಒಂದೇ ಕೊರಳಿನಲ್ಲಿ "ಅಯ್ಯೋ, ಮಂಡಿ!" ಎಂದಿತು. ಅವನು ನೆಟ್ಟಗೆ ಇಳಿದ. "ಏನು ಎಣ್ಣೆ ಹಚ್ತಾನೋ ಮಾರಾಯ, ಕೇಳಬೇಕಿತ್ತು" ಎಂದು ಯಾರೋ ಅತ್ತರು. ಜನಪ್ರಿಯ ಹಾಡು ಬಂದಾಗ ಎಲ್ಲರೂ ಎದ್ದು ನಿಂತು ಕುಣಿದರು. ಎರಡನೇ ಚರಣಕ್ಕೆ ಒಬ್ಬೊಬ್ಬರಾಗಿ ಕುರ್ಚಿಯ ಕೈ ಹಿಡಿದು ಕೂತರು. ಟೈಲರ್ ಮಾತ್ರ ಬಿಕ್ಕುತ್ತಿದ್ದ. "ಆ ಗಿಟಾರಿನವನ ಪ್ಯಾಂಟು ನೋಡಣ್ಣ. ಐವತ್ತು ವರ್ಷ ಕಾಲು ಅಗಲಿಸಿ ನಿಂತಿದಾನೆ, ಹೊಲಿಗೆ ಬಿಟ್ಟಿಲ್ಲ!"

ಮೈಕಕ್ಕ ಕಿವಿಯಣ್ಣನ ಬಲಕ್ಕೆ ಕೂತು ಜನಸಾಗರವನ್ನು ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ, "ಅಲ್ಲ, ಇಷ್ಟೊಂದು ಜನ ಕೈ ಎತ್ತಿ ಕೂಗ್ತಿದಾರೆ, ಒಬ್ಬನಿಗೂ ಒಂದು ಬೇಡಿಕೆ ಇಲ್ವಲ್ರೀ!" ಎಂದಳು. ನಾಲ್ಕು ಸಾಲು ತಿರುಗಿ ನೋಡಿತು.

ಆಗ ಹಳೆಯ ರೀಲು ಬಂತು. ಕ್ಯಾಮೆರಾ ವೇದಿಕೆಯಿಂದ ಕೆಳಗಿಳಿದು, ಬಾಯಿ ಕಳೆದ ಮುಖಗಳ ಮೇಲೆ ನಿಧಾನವಾಗಿ ಸರಿಯುತ್ತಾ ಸ್ಪೀಕರುಗಳ ಕಡೆ ನಡೆಯಿತು. ಕಿವಿಯಣ್ಣ ಹೆಂಡತಿಯ ಕೈ ಗಟ್ಟಿಯಾಗಿ ಹಿಡಿದ. "ನೋಡು... ನೋಡು... ಈಗ!"

ಬಂದ. ಮುಂದಿನ ಸಾಲಿನಲ್ಲೇ, ಸ್ಪೀಕರಿನ ಬುಡದಲ್ಲೇ, ತೆಳ್ಳಗೆ, ಮೀಸೆ ಚಿಗುರಿದ ಫಿಟ್ಟರ್ ನಿಂತಿದ್ದ. ಸುತ್ತ ಜನ ಹುಚ್ಚೆದ್ದು ಕುಣಿಯುತ್ತಿದ್ದರೆ ಅವನೊಬ್ಬನ ಮುಖದಲ್ಲಿ ಬಸ್ಸಿಗೆ ಕಾಯುವವನ ಶಾಂತಿ. ಯಾಕೆಂದರೆ ಎರಡೂ ಕಿವಿಗಳಲ್ಲಿ ಹತ್ತಿ ಇತ್ತು. ಅಂತಿಂಥ ಹತ್ತಿಯಲ್ಲ, ಪಂಪ್‌ಹೌಸಿನಲ್ಲಿ ಯಂತ್ರದ ಎಣ್ಣೆ ಒರೆಸುವ, ಸದ್ದು ತಡೆಯಲು ಕಿವಿಗೂ ತುರುಕಿಕೊಳ್ಳುವ ಕಾಟನ್ ವೇಸ್ಟು. ಶಿಫ್ಟಿನಿಂದ ಹಾಗೇ ಓಡಿ ಬಂದಿದ್ದನಲ್ಲ. ಉಜ್ಜಿ ತೊಳೆದ ರೀಲಿನಲ್ಲಿ ಅದರ ಎಳೆ ಎಳೆಯೂ, ಎಣ್ಣೆಯ ಕಲೆಯೂ ಎದ್ದು ಕಾಣುತ್ತಿತ್ತು. ನಲವತ್ತಡಿ ಪರದೆಯಲ್ಲಿ ಒಂದೊಂದು ಕಿವಿಯ ಹತ್ತಿ ಒಂದೊಂದು ದಿಂಬಿನ ಗಾತ್ರ.

ಹತ್ತಿಯ ಸಂಗತಿ ಅವನಿಗೇ ಮರೆತುಹೋಗಿತ್ತು. ಸುಳ್ಳನ್ನು ಅಷ್ಟು ಸಲ ಹೇಳಿದ್ದ.

ಥಿಯೇಟರು ಬಿದ್ದು ಬಿದ್ದು ನಕ್ಕಿತು. ಟೈಲರ್ ಕಣ್ಣೊರೆಸಿಕೊಂಡು, "ಅಧ್ಯಕ್ಷರೇ, ಅದೇನದು ಕಿವೀಲಿ?" ಎಂದ. ಕಿವಿಯಣ್ಣ ಪರದೆಯನ್ನೇ ನೋಡುತ್ತಾ ಕೂತ.

ಮೈಕಕ್ಕ ಎದ್ದಳು. ಗಂಡನ ಮೊಣಕಾಲು ದಾಟಿ ಎಡಗಡೆಯ ಕುರ್ಚಿಯ ಟೈಲರನಿಗೆ, "ಸ್ವಲ್ಪ ಏಳು ತಮ್ಮ" ಎಂದು ಅಲ್ಲಿ ಕೂತಳು. ಪರದೆಯ ಮೇಲೆ ನಾಲ್ಕು ಗಿಟಾರು ಒಟ್ಟಿಗೆ ಗುಡುಗುತ್ತಿದ್ದವು. ಅವಳು ಆ ಕಹಳೆಯ ಗಂಟಲನ್ನು ಒಳಗೆ ಮಡಚಿಟ್ಟು, ಹೊಸ ಮದುವಣಗಿತ್ತಿಯಾಗಿದ್ದಾಗಿನ ದನಿಯಲ್ಲಿ, ಎಡಗಿವಿಯ ಬಳಿ ಪಿಸುಗುಟ್ಟಿದಳು:

"ರೀ, ಪ್ಯಾಂಟಿನ ಜಿಪ್ಪು ಬಿಚ್ಚಿದೆ."

ಕೈ, ಯಜಮಾನನ ಅಪ್ಪಣೆ ಕೇಳದೆ, ನೆಟ್ಟಗೆ ಜಿಪ್ಪಿಗೆ ಹೋಯಿತು. ಜಿಪ್ಪು ಭದ್ರವಾಗಿತ್ತು.

"ಸರಿ" ಎಂದಳು ಮೈಕಕ್ಕ. ಹಿಂದೊಮ್ಮೆ ಅದೇ 'ಸರಿ' ಕೇಳಿ ಕಾರ್ಖಾನೆಯ ಇಬ್ಬರು ಮ್ಯಾನೇಜರುಗಳು ವರ್ಗ ಮಾಡಿಸಿಕೊಂಡು ಹೋಗಿದ್ದರು.

ಮನೆಗೆ ಬಂದದ್ದೇ ಕುರ್ಚಿಯನ್ನು ಎಳೆದು ಅವನ ಎಡಕ್ಕೆ ಹಾಕಿಕೊಂಡಳು. ಕಿವಿಯಣ್ಣನಿಗೆ ಹೇಗಾದರೂ ಮೇಲುಗೈ ಮಾಡಿಕೊಳ್ಳಬೇಕೆನಿಸಿತು. ಅವನೇ ಮೊದಲು ಏರಿಹೋದ.

"ಏನೀಗ? ಕೇಳಿಸ್ತಿತ್ತು! ಎಲ್ಲಾ ಕೇಳಿಸ್ತಿತ್ತು! ನನ್ನ ಹಾಡನ್ನ ಗಾಳಿ ಹಿಡಿದ ಪಂಪು ಅಂದೆ. ನಮ್ಮಮ್ಮನ್ನ ಅಂದೆ. ಮೂವತ್ತಾರು ವರ್ಷ ನುಂಗ್ಕೊಂಡೆ. ನನ್ನ ಹೊಟ್ಟೆ ಎಷ್ಟು ಉರಿದಿರಬೇಕು?"

"ಪಂಪು ಅಂದಿದ್ದು ಕೇಳಿಸಿತ್ತಾ?"

"ಕೇಳಿಸಿತ್ತು!"

"ಕೇಳಿಸಿದ ಮೇಲೂ ಹಾಡಿದ್ರಾ?"

ಕಿವಿಯಣ್ಣ ತನ್ನ ಕುರ್ಚಿಯನ್ನು ಒಂದು ಗೇಣು ಬಲಕ್ಕೆ ಸರಿಸಿದ, ಅವಳೂ ತನ್ನದನ್ನು ಸರಿಸಿದಳು.

"ಗೊರಕೆ ಬಗ್ಗೆ ಹೇಳಿದ್ದು? ಒದ್ದೆ ಟವಲು ಮಂಚದ ಮೇಲೆ ಎಸೀಬೇಡಿ ಅಂದಿದ್ದು?"

"ಕೇಳಿಸಿತ್ತು..."

"ಕಿವುಡ ಅಂದ್ಕೊಂಡು ಮೂವತ್ತಾರು ವರ್ಷ ಕ್ಷಮಿಸಿದೆ ಕಣ್ರೀ. ಎಲ್ಲಾ ಕೇಳಿಸ್ಕೊಂಡು ಒಂದನ್ನೂ ತಿದ್ಕೊಳ್ಳಲಿಲ್ಲ ಅಂದ್ರೆ, ನೀವು ಮ್ಯಾನೇಜ್‌ಮೆಂಟಿಗಿಂತ ಕಡೆ!"

ಆಮೇಲೆ ಅವಳ ದನಿ ಸ್ವಲ್ಪ ಇಳಿಯಿತು. "ನಲವತ್ತು ದಿನದ ಮುಷ್ಕರ ಮುಗಿಸಿ ಬಂದ ದಿನ ಒಂದು ಮಾತು ಹೇಳಿದ್ದೆ. ಈ ಕಡೇನೇ ಕೂತು ಹೇಳಿದ್ದೆ."

ಕಿವಿಯಣ್ಣ ನೆಲ ನೋಡಿದ. ಆ ಮಾತು ಅವನಿಗೆ ನೆನಪಿತ್ತು. 'ದಿನಾ ಮಕ್ಕಳಿಗೆ ಊಟ ಹಾಕಿ, ಗೇಟಿನ ಹತ್ತಿರ ಬಂದು ನನ್ನ ಚಪ್ಪಲಿ ಕಾಯ್ತಾ ನಿಲ್ತಿದ್ರಲ್ಲ, ಅದಕ್ಕೇ ನಾನು ನಲವತ್ತು ದಿನ ನಿಂತೆ. ನಿಮ್ಮಂಥ ಗಂಡ ಯಾರಿಗೂ ಇಲ್ಲ.' ಅಂದೂ ಅವನು ಗೋಡೆ ನೋಡುತ್ತಲೇ ಕೂತಿದ್ದ.

"ಅದೂ ಕೇಳಿಸಿತ್ತಾ?"

"ಹೂಂ."

"ಕೇಳಿಸಿ, ಹೂಂ ಅಂತಲೂ ಅನ್ನದೆ ಗೋಡೆ ನೋಡ್ತಾ ಕೂತಿದ್ರಾ? ಸರಿ. ಆ ಮಾತಿಗೆ ಉತ್ತರ ಬಾಕಿ ಇದೆ. ಈಗ ಕೊಡಿ."

ಕಿವಿಯಣ್ಣ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ನೀರಿಲ್ಲದ ಪಂಪು ಆಡಿದ ಹಾಗೆ ಬರೀ ಗಾಳಿ ಬಂತು.

"ಈಗ ಬಾಯಿಗೇನಾಯ್ತು? ಅದೂ ಸ್ಪೀಕರ್ ಮುಂದೆ ನಿಂತಿತ್ತಾ?"

ಇದಾಗಿ ಹದಿನೆಂಟು ದಿನ. ಸಿನಿಮಾ ಇನ್ನೂ ಓಡುತ್ತಿದೆ. ಅಭಿಮಾನಿಗಳು ಈಗ ಎರಡೂ ಕಿವಿಗೆ ಹತ್ತಿ ಸಿಕ್ಕಿಸಿಕೊಂಡು ಬರುತ್ತಾರೆ, ಆ ದೃಶ್ಯ ಬಂದಾಗ 'ಹತ್ತಿಯಣ್ಣಾ!' ಎಂದು ಕಿರುಚುತ್ತಾರೆ. ಸಂಘದವರು ಅವನನ್ನು ಅಧ್ಯಕ್ಷಗಿರಿಯಿಂದ ಇಳಿಸಿ ಮೈಕಕ್ಕನನ್ನು ಕೂರಿಸಿದ್ದಾರೆ. ಅವಳು ಮೊದಲ ಸಭೆಯಲ್ಲೇ, ಬ್ಯಾಂಡಿನವರು ಡ್ರಮ್ಮು ಬಾರಿಸುವ ಮುದುಕನಿಗೆ ಒರಗು ಇರುವ ಕುರ್ಚಿ ಕೊಡಲೇಬೇಕೆಂದು ನಿರ್ಣಯ ಮಾಡಿಸಿದಳು. ಹತ್ತಿಯಣ್ಣ ಮಾತ್ರ ಮನೆಯಲ್ಲಿ ಉತ್ತರ ಹುಡುಕುತ್ತಾ ಕೂತಿದ್ದಾನೆ. ಎಡಗಡೆ ಕುರ್ಚಿ ಹಾಗೇ ಇದೆ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಅವಳು ಬಂದು ಕೂತು, ಕಾದು, ಎದ್ದು ಹೋಗುತ್ತಾಳೆ.

ಓದಿ ನಕ್ಕದ್ದು ಸಾಕು. ಉತ್ತರ ನಿಮಗೆ ಗೊತ್ತಿದ್ದರೆ ಅವನಿಗೆ ಇವತ್ತೇ ಬರೆದು ಕಳಿಸಿ. ಗೊತ್ತಿಲ್ಲವಾದರೆ, ನೀವು ಮನೆಯಲ್ಲಿ ಕಿವುಡು ಮಾಡಿಟ್ಟಿರುವುದು ಯಾವ ಕಡೆಯ ಕಿವಿ, ಎಡವೋ ಬಲವೋ, ಅದನ್ನಾದರೂ ಈಗ, ಇಲ್ಲಿ, ಹೇಳಿ.