ರೊಟ್ಟಿ ಅಳತೆಯ ಸ್ಲಿಪ್‌ಮ್ಯಾಟು

ಘರ್ಷಣೆಯ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಇಡೀ ಯಾದಗಿರಿ ಜಿಲ್ಲೆಯಲ್ಲಿ ಯಾರೂ ಇಲ್ಲವೆಂದು ನಾನು ಬಹಳ ವರ್ಷ ನಂಬಿದ್ದೆ. ಯಾಕೆ ನಂಬಬಾರದು? ಎಂಟನೇ ತರಗತಿಗೆ ವಿಜ್ಞಾನ ಹೇಳುವವಳು ನಾನು. ಯಾವುದು ಜಾರುತ್ತದೆ, ಯಾವುದು ಜಾರುವುದಿಲ್ಲ ಎಂದು ಬೋರ್ಡಿನ ಮೇಲೆ ಬಾಣ ಬರೆದು ತೋರಿಸುವವಳು! ಹಾಗಾಗಿ ನನ್ನ ಗಂಡ ಭೀಮರಾಯರು ಮುಖ ಸಣ್ಣದು ಮಾಡಿಕೊಂಡು "ಸ್ಲಿಪ್‌ಮ್ಯಾಟ್ ಎಲ್ಲೂ ಸಿಗವಲ್ದು" ಎಂದಾಗ ನಾನು ನಕ್ಕೆ. ಆ ನಗು ನೆನಪಾದರೆ ಈಗಲೂ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತೇನೆ.

ಕಾಲುವೆ ಬಂದ ಮೇಲೆ ನಮ್ಮ ಕೊಂಕಲ್‌ಗೆ ಭತ್ತ ಬಂತು, ಭತ್ತದ ಹಿಂದೆ ಟ್ರ್ಯಾಕ್ಟರ್ ಬಂತು, ಟ್ರ್ಯಾಕ್ಟರಿನ ಮೇಲೆ ಡಿಜೆ ಬಂತು. ಆಳೆತ್ತರದ ಸ್ಪೀಕರ್ ಇಲ್ಲದ ಮದುವೆಯನ್ನು ಯಾರೂ ಲೆಕ್ಕಕ್ಕೇ ಹಿಡಿಯದಂತಾಯಿತು. ಇದನ್ನು ಕಂಡ ನನ್ನ ಗಂಡ ಹೈದರಾಬಾದಿನ ಹಳೇ ಸಾಮಾನಿನ ಬಜಾರಿಗೆ ಹೋಗಿ, ಹಾಡಿನ ಕರಿ ತಟ್ಟೆ ತಿರುಗಿಸುವ ಎರಡು ಪೆಟ್ಟಿಗೆ ತಂದರು. ಬೇರೆಯವರು ಪೆನ್‌ಡ್ರೈವ್ ಚುಚ್ಚಿ ಸುಮ್ಮನೆ ಕೂತರೆ, ಇವರು ತಟ್ಟೆಯನ್ನು ಕೈಯಿಂದ ಹಿಡಿದು, ಹಿಂದೆ ಮುಂದೆ ಎಳೆದು, 'ಚಿಕ್ಕಿ ಚಿಕ್ಕಿ' ಅನ್ನಿಸುವವರಂತೆ! ಮೊದಲ ಕಾರ್ಯಕ್ರಮ ಸ್ವಂತ ತಂಗಿ ರೇಣುಕಾಳ ಮದುವೆ. ಅತ್ತೆ ಒಂದೇ ಮಾತು ಹೇಳಿದರು.

"ಸುರಪುರದ ಬೀಗರ ಮುಂದ ಹಾಡು ನಿಂತಿತಂದ್ರ ಆ ಎರಡೂ ಡಬ್ಬಿ ಮರುದಿನಾನೇ ಗುಜರಿಗಿ!"

ತೊಂದರೆಯೆಂದರೆ, ಪೆಟ್ಟಿಗೆಯ ಚಕ್ರದ ಮೇಲೆ ರಬ್ಬರು ಹಾಸಿತ್ತು. ತಟ್ಟೆ ಹಿಡಿದರೆ ಚಕ್ರವೂ ನಿಲ್ಲುತ್ತಿತ್ತು. ಕೆಳಗೆ ಚಕ್ರ ತಿರುಗುತ್ತಲೇ ಇರಬೇಕು, ಮೇಲೆ ತಟ್ಟೆ ಹಿಡಿದರೆ ನಿಲ್ಲಬೇಕು, ಬಿಟ್ಟರೆ ಓಡಬೇಕು. ಅದಕ್ಕೆ ನಡುವೆ ಹಾಸುವ ದುಂಡನೆಯ ಬಟ್ಟೆಯೇ ಸ್ಲಿಪ್‌ಮ್ಯಾಟು. ಅದು ಪೂರ್ತಿ ಜಾರಬಾರದು, ಪೂರ್ತಿ ಹಿಡಿದುಕೊಳ್ಳಲೂ ಬಾರದು. ಒಟ್ಟಿನಲ್ಲಿ ಒಳ್ಳೆಯ ಸೊಸೆಯ ಹಾಗಿರಬೇಕು.

"ಮತ್ತ ಹೈದರಾಬಾದಿಗಿ ಹೋಗಿ ಬರ್ತೀನಿ" ಎಂದರು ಗಂಡ.

"ಮನ್ಯಾಗ ವಿಜ್ಞಾನ ಕುಂತದ, ನೀವು ಟೇಶನ್ನಿಗಿ ಹೊಂಟೀರಲ್ರಿ!" ಎಂದೆ.

ಹೀಗೆ ಸಂಶೋಧನೆಯು ವಿಧ್ಯುಕ್ತವಾಗಿ ಆರಂಭವಾಯಿತು. ಮೊದಲು ಗೊಬ್ಬರ ಚೀಲದ ಒಳಗಿನ ಪ್ಲಾಸ್ಟಿಕ್ಕು. ಚಕ್ರ ಓಡಿತು, ತಟ್ಟೆ ತೆವಳಿತು. ತಟ್ಟೆಯೊಳಗಿನ ಗಾಯಕ ಸೇಂದಿ ಕುಡಿದು ಕಾಲುವೆ ದಂಡೆಯ ಮೇಲೆ ಬಿದ್ದವನ ಹಾಗೆ ರಾಗ ಎಳೆದ. "ಯಾರಿಗಿ ಹೊಟ್ಟಿನೋವು ಬಂದದವಾ?" ಎಂದು ಅತ್ತೆ ಒಳಗಿನಿಂದ ಕೇಳಿದರು. ಆಮೇಲೆ ಶಹಾಪುರದಲ್ಲಿ ಆಟೋ ಸೀಟು ಹೊಲಿಯುವವನ ಹತ್ತಿರ ರೆಕ್ಸಿನ್ ದುಂಡಗೆ ಕತ್ತರಿಸಿಕೊಡಲು ಹೇಳಿದೆ.

"ಇದರ ಮ್ಯಾಲ ಎಷ್ಟು ಮಂದಿ ಕುಂದರ್ತಾರ್ರಿ ಟೀಚರ್?" ಎಂದ.

"ಮಂದಿ ಕುಂದ್ರಂಗಿಲ್ಲೋ ತಮ್ಮಾ, ಹಾಡು ಕುಂದರ್ತದ."

ಅವನು ನನ್ನನ್ನು ಒಮ್ಮೆ ನೋಡಿ, ಬೇರೆ ಗಿರಾಕಿಯ ಕಡೆ ತಿರುಗಿದ. ರೆಕ್ಸಿನ್ನು ತಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಿತು. ಯಾದಗಿರಿಯಿಂದ ಮಖಮಲ್ಲು ತಂದೆ. ಅದು ಒಂದು ದಿಕ್ಕಿಗೆ ಜಾರಿತು, ಇನ್ನೊಂದು ದಿಕ್ಕಿಗೆ ಮುನಿಸಿಕೊಂಡಿತು!

ಮದುವೆ ಹತ್ತಿರ ಬಂದಿತ್ತು. ಆಗ ಕಂಡಿತು ಹಿತ್ತಲ ಗೋಡೆಯ ಮೇಲೆ ಬಿಸಿಲಿಗೆ ಹಾಕಿದ್ದ ಹಳೆಯ ಕರಿ ಕಂಬಳಿ. ವರ್ಷಗಟ್ಟಲೆ ಸವೆದು ತೆಳ್ಳಗಾಗಿ, ಚುಚ್ಚುವ ಗುಣವನ್ನೆಲ್ಲ ಬಿಟ್ಟಿತ್ತು. ಕೈಯಾಡಿಸಿದೆ. ಆಹಾ! ಇಷ್ಟು ಹಳೆಯದನ್ನು ಯಾರಿಗೋ ಕೊಡಲೆಂದೇ ಹೊರಗೆ ಹಾಕಿದ್ದಾರೆ ಎಂದು ತೀರ್ಮಾನಿಸಿದೆ. ಯಾರನ್ನೂ ಕೇಳಲಿಲ್ಲ. ದೊಡ್ಡ ವಿಜ್ಞಾನಿಗಳು ಅತ್ತೆಯನ್ನು ಕೇಳಿ ಸಂಶೋಧನೆ ಮಾಡಿದ್ದುಂಟೆ?

ಅಳತೆಗೆ ಅತ್ತೆಯ ರೊಟ್ಟಿ ಬುಟ್ಟಿಯಿತ್ತು. ಅವರು ಬಡಿದ ಜೋಳದ ರೊಟ್ಟಿ ಒಂದಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇರುವುದಿಲ್ಲ. ಒಂದನ್ನು ಪೆಟ್ಟಿಗೆಯ ಚಕ್ರದ ಮೇಲಿಟ್ಟೆ. ಬರೋಬ್ಬರಿ! ಅದನ್ನೇ ಕಂಬಳಿಯ ನಟ್ಟನಡುವೆ ಇಟ್ಟು, ಸೀಮೆಸುಣ್ಣದ ಗೆರೆ ಎಳೆದು, ಅಕ್ಕಪಕ್ಕ ಎರಡು ದುಂಡು ಕತ್ತರಿಸಿದೆ. ಉಳಿದ ಕಂಬಳಿಯನ್ನು ನೀಟಾಗಿ ಮಡಚಿ ಗೋಡೆಯ ಮೇಲೆಯೇ ಇಟ್ಟೆ.

ಸ್ಲಿಪ್‌ಮ್ಯಾಟು ಕೆಲಸ ಮಾಡಿತು! ಹಿಡಿದರೆ ನಿಂತಿತು, ಬಿಟ್ಟರೆ ಓಡಿತು. ನನ್ನ ಗಂಡ ಪಡಸಾಲೆಯಲ್ಲಿ ಕುಣಿದುಬಿಟ್ಟರು. "ನೀ ಟೀಚರ್ ಅಲ್ಲ, ಎಂಜಿನಿಯರು!" ಎಂದರು. ಅಲ್ಲಿಗೆ ಬಿಟ್ಟಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ತಟ್ಟೆಯ ಮೇಲೆ ಓಡುವ ಮುಳ್ಳಿಗೆ ಒಂದೆರಡು ಉಣ್ಣೆಯ ಎಳೆ ಸಿಕ್ಕಿಕೊಂಡಿದ್ದವು. ಎಳೆ ಕೂರಿಸಲು ಏನು ಮಾಡಬೇಕು? ಗಂಜಿ! ಕಾಲುವೆ ಬಂದಾಗಿನಿಂದ ದಿನಾ ಅನ್ನ, ದಿನಾ ಗಂಜಿ. ಎರಡನ್ನೂ ಗಟ್ಟಿ ಗಂಜಿಯಲ್ಲಿ ಅದ್ದಿ, ಒಣಗಿಸಿ, ಇಸ್ತ್ರಿ ಹೊಡೆದೆ. ಸ್ಟೀಲ್ ತಾಟಿನ ಹಾಗೆ ಮಿಂಚಿದವು.

ಮದುವೆಯ ದಿನ ಮನೆಯ ಮುಂದಿನ ಹಂದರದಲ್ಲಿ ಹಾಡು ಗುಡುಗಿತು. ಸುರಪುರದ ಬೀಗರು ತಲೆದೂಗಿದರು. ಅತ್ತೆ ನನ್ನ ಕಡೆ ನೋಡಿ ನಕ್ಕರು ಕೂಡ. ಆಮೇಲೆ ಸುರಗಿ. ಮದುಮಕ್ಕಳಿಗೆ ಅರಿಶಿನ ನೀರು ಹಾಕುವಾಗ ಹುರುಪಿಗೆ ಬಿದ್ದ ಹುಡುಗಿಯರು ಒಂದು ಕೊಡವನ್ನು ಡಿಜೆಯ ಮೇಲೂ ಎರಚಿದರು. ಗಂಡ ಪೆಟ್ಟಿಗೆ ಒರೆಸಿಕೊಂಡರು. ತಟ್ಟೆಯ ಕೆಳಗೆ ಗಂಜಿ ನೆನೆದು ಮತ್ತೆ ಗಂಜಿಯಾಗುತ್ತಿದ್ದುದು ಯಾರಿಗೆ ಗೊತ್ತು?

ಮದುಮಕ್ಕಳು ಹೊಸ ಬಟ್ಟೆಯಲ್ಲಿ, ತಲೆಯ ಮೇಲೆ ಅಕ್ಕಿಕಾಳು ಹಾಕಿಸಿಕೊಳ್ಳಲು ಬಂದರು. ಆ ಗಳಿಗೆಗೆಂದೇ ಕಾದಿದ್ದ ಗಂಡ ಗತ್ತಿನಿಂದ ತಟ್ಟೆ ಹಿಡಿದರು. ಚಕ್ರವೂ ನಿಂತಿತು. ಎಳೆದರು, ಬರಲಿಲ್ಲ. ಜೋರಾಗಿ ಎಳೆದರು. ತಟ್ಟೆ, ಅದಕ್ಕೆ ಅಂಟಿದ ಕಂಬಳಿ, ಎರಡೂ ಒಟ್ಟಿಗೆ ಕಿತ್ತು ಕೈಗೆ ಬಂದವು! ಸ್ಪೀಕರು 'ಘುರ್ರ್' ಎಂದು ಸುಮ್ಮನಾಯಿತು.

ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಗಡಿಬಿಡಿಯಿಂದ, "ನೋಡ್ಕೊಂತ ನಿಂತೀರೇನು? ಕಂಬಳಿ ಹಾಸ್ರಿ, ಮದುಮಕ್ಕಳನ್ನ ಕುಂದರಸ್ರಿ!" ಎಂದು ಕೂಗಿದರು.

ಮಡಚಿದ್ದು ಮಡಚಿದ ಹಾಗೆಯೇ ಯಾರೋ ಟ್ರಂಕಿಗೆ ಸೇರಿಸಿದ್ದ ಕಂಬಳಿ ಬಂತು. ಬಿಚ್ಚುವ ಮೊದಲೇ ನನಗೆ ಅದರ ಗುರುತು ಸಿಕ್ಕಿತು. ಮದುವೆಗೆಂದು ಬಿಸಿಲಿಗೆ ಹಾಕಿದ್ದ ಕಂಬಳಿ ಅದು! ಹಾಸಿದರು. ನಟ್ಟನಡುವೆ ಎರಡು ತೂತು!

"ಏನ್ರಿ ಬೀಗ್ತಿ, ನಿಮ್ಮ ಕಂಬಳಿಗಿ ಕಣ್ಣು ಬಂದಾವಲ್ರಿ?" ಎಂದರು ಮದುಮಗನ ದೊಡ್ಡಪ್ಪ.

ಅತ್ತೆ ತೂತು ನೋಡಿದರು. ಮಗನ ಕೈಯಲ್ಲಿ ಜೋತಾಡುತ್ತಿದ್ದ ದುಂಡನೆಯ ಕಂಬಳಿ ನೋಡಿದರು. ಕೊನೆಗೆ ನನ್ನನ್ನು ನೋಡಿದರು. ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು.

"ನಮ್ಮ ಮನಿತನದಾಗ ಹಿಂಗೇ ರೀ" ಎಂದರು ಅತ್ತೆ, ಒಂಚೂರೂ ಅಳುಕದೆ. "ಒಂದು ಹುಡುಗಗ, ಒಂದು ಹುಡುಗಿಗಿ. ಭೂಮಿತಾಯಿ ಮ್ಯಾಲ ಬರೋಬ್ಬರಿ ಕುಂತ್ರ ಸಂಸಾರ ಅತ್ತಿತ್ತ ಜಾರಂಗಿಲ್ಲ."

ದೊಡ್ಡಪ್ಪ ಮೀಸೆ ತಿರುವಿ ಯೋಚಿಸಿದರು. "ಖರೇ ಅದ ನೋಡ್ರಿ! ನಮ್ಮ ಹುಡುಗರು ಜಾರಾಕತ್ತಿದ್ದು ಇದಕ್ಕೇ!"

ಮದುಮಕ್ಕಳು ಒಬ್ಬೊಬ್ಬರು ಒಂದೊಂದು ತೂತಿನ ಮೇಲೆ ಕೂತರು. ಮದುಮಗನ ಗಾತ್ರಕ್ಕೆ ಅವನ ತೂತು ಕಾಣಲೇ ಇಲ್ಲ. ಹೆಂಗಸರು ಸೋಬಾನೆ ಎತ್ತಿಕೊಂಡರು. ಡಿಜೆ ಇಲ್ಲದೆ ಮದುವೆ ಚೆಂದವಾಗಿ ಆಯಿತು.

ಬೀಗರೆಲ್ಲ ಹೋದ ಮೇಲೆ ಅತ್ತೆ ಕಂಬಳಿ ಹಾಸಿ, ಬುಟ್ಟಿಯಿಂದ ಒಂದು ರೊಟ್ಟಿ ತಂದು ತೂತಿನಲ್ಲಿ ಇಟ್ಟರು. ಸರಿಯಾಗಿ ಕೂತಿತು. ಇನ್ನೊಂದು ತಂದು ಇನ್ನೊಂದರಲ್ಲಿ ಇಟ್ಟರು. ಅದೂ ಕೂತಿತು!

"ಟೀಚರಮ್ಮಾ, ನನ್ನ ರೊಟ್ಟಿನೇ ಚಾಡಿ ಹೇಳಾಕತ್ತದ ನೋಡು" ಎಂದರು. ಆಮೇಲೆ ಮೆಲ್ಲಗೆ, "ನನ್ನ ಲಗ್ನದಾಗ ಹಾಸಿದ್ದವಾ ಇದು."

ನನಗೆ ಅಳು ತಡೆಯಲಾಗಲಿಲ್ಲ. "ತಪ್ಪಾತ್ರಿ ಅತ್ತಿ. ಮತ್ತ ಎಲ್ಲಾರ ಮುಂದ ನನ್ನ ಯಾಕ ಉಳಿಸಿದ್ರಿ?"

"ನಿನ್ನ ಬೈಯೋದು ನನ್ನ ಹಕ್ಕು. ಅದನ್ನ ಸುರಪುರದವರಿಗಿ ಯಾಕ ಕೊಡ್ಲಿ?" ಎಂದರು. ಆಮೇಲೆ ಆ ಹಕ್ಕನ್ನು ಮನಸಾರೆ ಚಲಾಯಿಸಿದರು.

ಹೇಳಿದ ಮಾತಿನಂತೆ ಡಬ್ಬಿಗಳು ಮರುದಿನವೇ ಗುಜರಿಗೆ ಹೋದವು. ಗಂಡ ಗಾಡಿಯ ಹಿಂದೆ ಊರ ಅಗಸೆ ಬಾಗಿಲವರೆಗೂ ನಡೆದು ಹೋಗಿ, ಪಾಪ, ಸುಮ್ಮನೆ ತಿರುಗಿ ಬಂದರು.

ಸ್ವಲ್ಪ ದಿನಕ್ಕೆ ಸುರಪುರದ ದೊಡ್ಡಪ್ಪ ಒಂದು ಹೊಸ ಕಂಬಳಿ ಕಳಿಸಿದರು. ಅವರ ಮನೆಯಲ್ಲೂ ಮದುವೆಯಂತೆ, ಟೀಚರ್ ಕೈಯಿಂದಲೇ ತೂತು ಆಗಬೇಕಂತೆ, ಕೈಗುಣ ಚಲೋ ಅದ ಅಂತೆ! ಆಮೇಲೆ ಬೋನಾಳದಿಂದ ಬಂತು, ಮುದನಾಳದಿಂದ ಬಂತು. ಆಡಿದ ಸುಳ್ಳು ಕೆಡದಂತೆ ಅತ್ತೆ ನನ್ನ ಮುಂದೆ ರೊಟ್ಟಿ ಇಡುತ್ತಾರೆ, ನಾನು ತಲೆ ತಗ್ಗಿಸಿ ಕತ್ತರಿಸುತ್ತೇನೆ.

ಹೀಗಾಗಿ ಈಗ ನಮ್ಮ ಮನೆಯಲ್ಲಿ ಟ್ರಂಕು ತುಂಬ ಸ್ಲಿಪ್‌ಮ್ಯಾಟುಗಳಿವೆ. ಗಂಜಿ ಮುಟ್ಟಿಸಿಲ್ಲ. ಕೆಳಗೆ ತಿರುಗುವ ಪೆಟ್ಟಿಗೆಯೊಂದು ಇಲ್ಲ, ಅಷ್ಟೇ. ಅವುಗಳ ಮೇಲೆ ಬಿಸಿ ಸಾರಿನ ಪಾತ್ರೆ ಇಡುತ್ತೇವೆ. ನನ್ನ ಗಂಡ ಊಟಕ್ಕೆ ಕೂತಾಗಲೆಲ್ಲ ಪಾತ್ರೆಯನ್ನು ಒಮ್ಮೆ ಹಿಂದೆ ಮುಂದೆ ಎಳೆದು, ನನ್ನ ಮುಖ ನೋಡಿ, 'ಚಿಕ್ಕಿ ಚಿಕ್ಕಿ' ಎನ್ನುತ್ತಾರೆ!